ಕತ್ತಿ ಹಿಡಿಯದ, ಆಣೆ ಇಡದ ಸಭೆ

ಸೀರೆಗೆ ಹೆಸರಾದ ಗದ್ವಾಲ 1956ರ ಅಕ್ಟೋಬರ್ ಮುಗಿಯುವ ತನಕ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳನ್ನು ಮಾತ್ರ ಬಿಡಿಸಿ ಆಂಧ್ರಕ್ಕೆ ಕೊಟ್ಟರು. ಗಡಿರೇಖೆ ತುಸು ಆಚೆ ಬಿದ್ದಿದ್ದರೆ ಕರ್ನಾಟಕದ ಕ್ರೈಸ್ತ ಪಂಗಡಗಳ ಸಾಲಿಗೆ ಇನ್ನೊಂದು ಹೆಸರು ಸೇರುತ್ತಿತ್ತು. ಅದು ಮೆನ್ನೊನೈಟ್. ಗದ್ವಾಲ, ಮಹಬೂಬ್‌ನಗರ, ಜಡ್ಚರ್ಲಾ, ವನಪರ್ತಿ ಸುತ್ತಿನ ಊರುಗಳಲ್ಲಿ ‘ಎಂ.ಬಿ. ಚರ್ಚ್’ ಎಂದು ಜನ ಕರೆಯುವುದು ಮೆನ್ನೊನೈಟ್ ಬ್ರದರೆನ್ ಸಭೆಯನ್ನು.

ಉಪ್ಪಾರಹಳ್ಳಿಯಿಂದ ಗುಬ್ಬಿಯವರೆಗೆ ತುಮಕೂರು ಸೀಮೆಯವರಿಗೆ ಪರಿಚಯವಿರುವ ಪ್ರೊಟೆಸ್ಟೆಂಟ್ ಪರಂಪರೆ ವೆಸ್ಲಿಯನ್ ಮಿಷನ್ನಿನದು. 1830ರ ದಶಕದಲ್ಲೇ ಗುಬ್ಬಿಯಲ್ಲಿ ನೆಲೆಯೂರಿದ ಆ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಒಂದಾದವು. ಅಲ್ಲಿ ಕೈಗೂಸಿಗೂ ದೀಕ್ಷಾಸ್ನಾನವುಂಟು. ಮೆನ್ನೊನೈಟರ ದಾರಿ ಬೇರೆಯಾಗುವುದು ಇಲ್ಲೇ. ಅವರಲ್ಲಿ ಸಭೆಯ ಹಿರಿಯನ ಮಗನಾದರೂ ಹುಟ್ಟಿನಿಂದ ಸದಸ್ಯನಲ್ಲ. ಬುದ್ಧಿ ಬಲಿತ ಮೇಲೆ ತಾನಾಗಿ ಬಂದು, ಎಲ್ಲರೆದುರು ನಿಂತು ‘ನಾನು ನಂಬಿದ್ದೇನೆ’ ಎಂದು ಹೇಳಬೇಕು. ಆಮೇಲೆಯೇ ನೀರು.

ಇಷ್ಟು ಸಣ್ಣದಾಗಿ ಕಾಣುವ ಈ ನಿಯಮಕ್ಕಾಗಿ ಯುರೋಪಿನಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೊನ್ರಾಡ್ ಗ್ರೆಬೆಲ್ ಎಂಬ ಯುವಕ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ. ಇಬ್ಬರಿಗೂ ಶಿಶುವಾಗಿದ್ದಾಗಲೇ ದೀಕ್ಷೆಯಾಗಿತ್ತು. ಆ ಕಾಲದಲ್ಲಿ ಚರ್ಚಿನ ದಾಖಲೆ ಎಂದರೆ ಪ್ರಜೆಗಳ ದಾಖಲೆ. ಹಾಗಾಗಿ ಇದು ಧರ್ಮದ್ರೋಹವೂ ಹೌದು, ರಾಜದ್ರೋಹವೂ ಹೌದು ಎಂದು ನಗರಸಭೆ ತೀರ್ಮಾನಿಸಿತು. ಇವರ ಸಂಗಾತಿ ಫೆಲಿಕ್ಸ್ ಮಾನ್ಸ್‌ನನ್ನು 1527ರ ಜನವರಿಯಲ್ಲಿ ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿದರು. ನೀರು ಬೇಕೆಂದವನಿಗೆ ನೀರಲ್ಲೇ ಸಾವು.

ಚದುರಿಹೋದ ಈ ಜನರನ್ನು ಒಂದುಗೂಡಿಸಿದವನು ಉತ್ತರ ನೆದರ್ಲೆಂಡಿನ ಫ್ರೀಸ್‌ಲ್ಯಾಂಡಿನ ಮೆನ್ನೊ ಸೈಮನ್ಸ್. ಕ್ಯಾಥೊಲಿಕ್ ಪಾದ್ರಿಯಾಗಿದ್ದ ಅವನು 1536ರಲ್ಲಿ ಆ ಹುದ್ದೆ ಬಿಟ್ಟು, 1561ರಲ್ಲಿ ಸಾಯುವ ತನಕ ತಲೆಮರೆಸಿಕೊಂಡು ಊರೂರು ಅಲೆದು ಬೋಧಿಸಿದ. ಹಿಂಬಾಲಕರಿಗೆ ಅವನ ಹೆಸರೇ ನಿಂತಿತು. ಕುದುರೆಗಾಡಿಯಲ್ಲಿ ಓಡಾಡುತ್ತ, ಕರೆಂಟು ಬೇಡವೆನ್ನುವ ಅಮೆರಿಕದ ಆಮಿಷ್ ಜನ ಇದೇ ಬೇರಿನವರಾದರೂ 1693ರಲ್ಲೇ ಕವಲೊಡೆದವರು. ಮೆನ್ನೊನೈಟರಲ್ಲಿ ಹೆಚ್ಚಿನವರು ಉಳಿದೆಲ್ಲರ ಹಾಗೆ ಉಟ್ಟು, ಉಳಿದೆಲ್ಲರ ಹಾಗೆ ಬದುಕುವವರು.

ಅವರ ನಂಬಿಕೆಯ ತಿರುಳು ಬೆಟ್ಟದ ಮೇಲಿನ ಪ್ರಸಂಗ. ವೈರಿಯನ್ನು ಪ್ರೀತಿಸು ಎಂಬ ಯೇಸುವಿನ ಮಾತನ್ನು ಬೇರೆ ಪಂಗಡಗಳು ಆದರ್ಶವೆಂದು ಓದಿದರೆ ಇವರು ಆಜ್ಞೆಯೆಂದು ಓದಿದರು. ಆದ್ದರಿಂದ ಸೈನ್ಯಕ್ಕೆ ಸೇರುವುದಿಲ್ಲ ಎಂದರು. ‘ಆಣೆ ಇಡಲೇಬೇಡಿ’ ಎಂಬುದನ್ನೂ ಹಾಗೆಯೇ ಓದಿದರು. ಆಣೆ ಇಟ್ಟಾಗ ಮಾತ್ರ ನಿಜ ಹೇಳುವುದಾದರೆ ಉಳಿದ ಹೊತ್ತಿನ ಮಾತಿಗೆ ಬೆಲೆ ಏನು ಎಂಬುದು ಅವರ ಪ್ರಶ್ನೆ. ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡದೆ ಸತ್ಯ ಹೇಳುತ್ತೇನೆಂದು ದೃಢೀಕರಿಸುವ ಅವಕಾಶ ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲೂ ಇದೆ.

ಈ ನಂಬಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮೆನ್ನೊನೈಟರು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು ಡಿರ್ಕ್ ವಿಲೆಮ್ಸ್‌ನ ಕಥೆ. 1569ರಲ್ಲಿ ಡಚ್ ಊರು ಆಸ್ಪೆರೆನ್‌ನ ಸೆರೆಯಿಂದ ತಪ್ಪಿಸಿಕೊಂಡ ಡಿರ್ಕ್ ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿ ದಾಟಿದ. ಬೆನ್ನಟ್ಟಿ ಬಂದವನ ಕಾಲಡಿಯ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು, ಕೈಚಾಚಿ ಅವನನ್ನು ಮೇಲಕ್ಕೆಳೆದ. ಬದುಕಿದವನು ಬಿಟ್ಟುಬಿಡಲು ಬಯಸಿದರೂ ದಡದಲ್ಲಿದ್ದ ಅಧಿಕಾರಿ ಒಪ್ಪಲಿಲ್ಲ. ಡಿರ್ಕ್‌ನನ್ನು ಹಿಡಿದು ಸುಟ್ಟರು. ಅವನು ಬಗ್ಗಿ ಎರಡೂ ಕೈ ಚಾಚಿರುವ ಯಾನ್ ಲೈಕನ್‌ನ ಕೆತ್ತನೆಯ ಚಿತ್ರ ಇಂದಿಗೂ ಎಷ್ಟೋ ಮೆನ್ನೊನೈಟ್ ಮನೆಗಳ ಗೋಡೆಯಲ್ಲಿದೆ.

ಸಭೆಯ ಬದುಕೂ ಇದೇ ಅಚ್ಚಿನದು. ಹಳೆಯ ಕಾಲದ ಆರಾಧನಾ ಮಂದಿರಗಳಲ್ಲಿ ವಿಗ್ರಹವಿಲ್ಲ, ಬಣ್ಣದ ಗಾಜಿಲ್ಲ. ಹಿರಿಯರನ್ನು ಸಭೆಯೇ ಆರಿಸುತ್ತದೆ. ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ಹೇಳಬೇಕು. ಕೇಳದಿದ್ದರೆ ಇಬ್ಬರು ಮೂವರ ಜೊತೆ ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಈ ಕ್ರಮವೇ ಅವರ ಪಂಚಾಯ್ತಿ. ಹಲವು ಸಭೆಗಳಲ್ಲಿ ರೊಟ್ಟಿ ಮುರಿಯುವ ಆರಾಧನೆಯ ಜೊತೆಗೆ ಒಬ್ಬರು ಇನ್ನೊಬ್ಬರ ಪಾದ ತೊಳೆಯುವ ಪದ್ಧತಿ ಇದೆ. ಬೇಸನ್ನಿನಲ್ಲಿ ನೀರಿಟ್ಟು, ಮಂಡಿಯೂರಿ ಪಕ್ಕದವರ ಕಾಲು ತೊಳೆದು, ಟವೆಲಿನಿಂದ ಒರೆಸುತ್ತಾರೆ. ಆಮೇಲೆ ಅವರು ಇವರ ಕಾಲು ತೊಳೆಯುತ್ತಾರೆ. ಮನೆ ಸುಟ್ಟರೆ, ಬೆಳೆ ಹೋದರೆ ಸಭೆಯೇ ಕೈಹಿಡಿಯಬೇಕು ಎಂಬುದು ಬರೆದಿಡದ ಕರಾರು. 1920ರಲ್ಲಿ ಉಕ್ರೇನಿನ ಹಸಿವಿಗೆ ಓಗೊಟ್ಟು ಹುಟ್ಟಿದ ಮೆನ್ನೊನೈಟ್ ಸೆಂಟ್ರಲ್ ಕಮಿಟಿಯ ಹಿಂದಿರುವುದೂ ಈ ಕರಾರೇ. 1940ರ ದಶಕದ ಬಂಗಾಳದ ಬರಗಾಲದಲ್ಲಿ ಅದು ಕಲ್ಕತ್ತೆಯಲ್ಲಿ ಕೆಲಸ ಮಾಡಿತು.

ಮಹಬೂಬ್‌ನಗರದ ನೆಲಕ್ಕೆ ಈ ಸಭೆ ಬಂದದ್ದು ಬಲು ಸುತ್ತುಬಳಸಿನ ದಾರಿಯಲ್ಲಿ. ಕಿರುಕುಳ ತಾಳದೆ ಪೋಲೆಂಡಿನ ನದೀಮುಖಜ ಭೂಮಿಗೆ ಹೋದ ಡಚ್ ಮೆನ್ನೊನೈಟರು, ಅಲ್ಲಿಂದ ರಾಣಿ ಕ್ಯಾಥರೀನಳ ಕರೆಗೆ ದಕ್ಷಿಣ ರಷ್ಯಾಕ್ಕೆ ಹೋಗಿ ಒಕ್ಕಲುತನ ಮಾಡಿದರು. ಹೊಟ್ಟೆ ತುಂಬಿದಂತೆ ಭಕ್ತಿ ತಣ್ಣಗಾಯಿತೆಂದು ಸಿಟ್ಟಾದ ಕೆಲವು ಕುಟುಂಬಗಳು 1860ರಲ್ಲಿ ಬೇರೆಯಾದವು. ಅವರೇ ಮೆನ್ನೊನೈಟ್ ಬ್ರದರೆನ್. ತಲೆಯ ಮೇಲೆ ನೀರು ಸುರಿದರೆ ಸಾಲದು, ಪೂರ್ತಿ ಮುಳುಗಿ ಏಳಬೇಕು ಎಂಬುದು ಅವರ ಹಟ. ಅವರಲ್ಲಿ ಅಬ್ರಹಾಂ ಫ್ರೀಸೆನ್ 1889ರಲ್ಲಿ ರಷ್ಯಾದಿಂದ ಭಾರತಕ್ಕೆ ಬಂದು, ಅಮೆರಿಕನ್ ಬ್ಯಾಪ್ಟಿಸ್ಟರ ಜೊತೆಗೂಡಿ ನಲ್ಗೊಂಡದಲ್ಲಿ ನೆಲೆಸಿದ. ಹತ್ತು ವರ್ಷದ ನಂತರ, ರಷ್ಯಾ ಬಿಟ್ಟು ಅಮೆರಿಕ ಸೇರಿದ್ದ ಬ್ರದರೆನ್ ಕವಲೂ ನಿಜಾಮರ ಸೀಮೆಗೆ ತನ್ನವರನ್ನು ಕಳಿಸಿತು. ಡಾಕ್ಟರ್ ಕ್ಯಾಥರೀನಾ ಶೆಲೆನ್‌ಬರ್ಗ್ 1907ರಲ್ಲಿ ಬಂದವರು 1945ರಲ್ಲಿ ಶಂಶಾಬಾದಿನಲ್ಲೇ ಕಣ್ಣು ಮುಚ್ಚಿದರು. 1937ರಲ್ಲಿ ಮಹಬೂಬ್‌ನಗರ ಮತ್ತು ಗದ್ವಾಲದ ಕೇಂದ್ರಗಳು ಬ್ಯಾಪ್ಟಿಸ್ಟರಿಂದ ಇವರ ಕೈಗೆ ಬಂದವು. ಜಡ್ಚರ್ಲಾದಲ್ಲಿ ದೊಡ್ಡ ಆಸ್ಪತ್ರೆ ಎದ್ದಿತು. 1958ರ ಹೊತ್ತಿಗೆ ಸಭೆಯ ಆಡಳಿತ ಇಲ್ಲಿಯವರ ಕೈಗೆ ದಾಟತೊಡಗಿತ್ತು.

ಸಭೆಗೆ ಸೇರಿದವರಲ್ಲಿ ಬಹುಪಾಲು ಮಾದಿಗ ಮತ್ತು ಮಾಲ ಸಮುದಾಯದ ಕೂಲಿಗಳು. ಅವರಿಗೆ ಒದಗಿದ್ದು ಅಕ್ಷರ, ಔಷಧ ಮತ್ತು ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಪಂಕ್ತಿ. ಜ್ಯೂರಿಕ್‌ನ ಶಾಂತಿಬೋಧೆ ಇಲ್ಲಿ ಮುಂದಿನ ಸಾಲಿಗೆ ಬರಲಿಲ್ಲ. ಕತ್ತಿ ಹಿಡಿಯುವ ಹಕ್ಕೇ ಇಲ್ಲದವನಿಗೆ, ಕತ್ತಿ ಬಿಡು ಎಂಬ ಉಪದೇಶ ಏನು ಹೇಳೀತು? ಒಡೆಯನೆದುರು ತಲೆಯೆತ್ತಿ ನಡೆಯುವುದು ಅವನಿಗೆ ಅದಕ್ಕಿಂತ ದೊಡ್ಡ ಸುವಾರ್ತೆಯಾಗಿತ್ತು.

ಆದರೆ ಎಲ್ಲರೆದುರು ನಂಬಿಕೆಯನ್ನು ಹೇಳಿಕೊಳ್ಳಬೇಕೆಂಬ ಮೂಲ ನಿಯಮಕ್ಕೆ ಇಲ್ಲೊಂದು ತೊಡಕು ಕಾದಿತ್ತು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಸಿಕ್ಕಿತು, ಕ್ರೈಸ್ತರಿಗೆ ಸಿಗಲಿಲ್ಲ. ಹೀಗಾಗಿ ಸಭೆಯಲ್ಲಿ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಇನ್ನೊಂದು ಎಂಬ ಬಾಳು ದಕ್ಷಿಣದ ದಲಿತ ಕ್ರೈಸ್ತರಲ್ಲಿ ಸಾಮಾನ್ಯ. ನಂಬಿಕೆಯನ್ನು ಬಚ್ಚಿಡಲಾರೆವೆಂದು ನದಿಗೆ ಬಿದ್ದವರ ಪರಂಪರೆ, ಮಕ್ಕಳ ಓದಿಗಾಗಿ ಅದನ್ನು ಬಚ್ಚಿಡಬೇಕಾದ ಸ್ಥಿತಿಗೆ ಬಂತು. ಇದರಲ್ಲಿ ಕೂಲಿಯವನ ತಪ್ಪು ಹುಡುಕುವುದು ಅನ್ಯಾಯ.

ಜಗತ್ತಿನಲ್ಲಿ ಈ ಪರಂಪರೆಗೆ ಸೇರಿದವರು ಇಂದು 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದವರು. 1997ರಲ್ಲಿ ಅವರ ವಿಶ್ವ ಸಮ್ಮೇಳನ ನಡೆದದ್ದು ಕಲ್ಕತ್ತೆಯಲ್ಲಿ. ಹುಟ್ಟಿದ ಜಾತಿಯಲ್ಲೇ ಎಲ್ಲವೂ ತೀರ್ಮಾನವಾಗುವ ನಾಡಿನಲ್ಲಿ, ನಿನ್ನ ನಂಬಿಕೆಯನ್ನು ನೀನೇ ಆರಿಸಿಕೋ ಎನ್ನುವ ಈ ನಿಯಮಕ್ಕೆ ಒಪ್ಪಲಿ ಬಿಡಲಿ, ಮರ್ಯಾದೆ ಕೊಡಲೇಬೇಕು. ಮೆನ್ನೊನೈಟರನ್ನು ನೋಡಬೇಕೆಂದು ಪೆನ್ಸಿಲ್ವೇನಿಯಾದ ಕುದುರೆಗಾಡಿ ಹುಡುಕಬೇಕಿಲ್ಲ. ರಾಯಚೂರಿನಿಂದ ಗದ್ವಾಲಕ್ಕೆ ರೈಲಿದೆ.