ಕೊಪ್ಪಳ ಅಂದ್ರೆ ಮುಂದೇನು? ಮನೆಮಂದಿಯೆಲ್ಲ ಆಡೋ ಮಾತಿನ ಆಟ

ಇವತ್ತಿನ ಕಂತು ಮಾತಿನ ಆಟದ್ದು. ಇದಕ್ಕೆ ಆ್ಯಪ್ ಬೇಡ, ಕಾಗದ ಬೇಡ. ಮುಖ್ಯವಾಗಿ, ಓದು ಬರಹವೂ ಬೇಡ. ಶಾಲೆ ಮೆಟ್ಟಿಲು ಹತ್ತದ ಅಜ್ಜಿ, ಇಂಗ್ಲಿಷ್ ಮೀಡಿಯಂ ಮೊಮ್ಮಗಳು ಎದುರುಬದುರು ಕೂತು ಆಡಬಹುದು. ಫೋನಿನ ಪದದಾಟದಲ್ಲಿ ಅಜ್ಜಿ ಬರೀ ನೋಡ್ತಾರೆ. ಇಲ್ಲಿ ಅವರೇ ಗೆದ್ದರೂ ಗೆಲ್ಲಬಹುದು.

ಮೊದಲನೇದು ಊರಿನ ಅಂತ್ಯಾಕ್ಷರಿ. ಒಬ್ಬರು ಊರಿನ ಹೆಸರು ಹೇಳಬೇಕು. ಅದರ ಕೊನೆಯ ವ್ಯಂಜನದಿಂದ ಇನ್ನೊಬ್ಬರು ಬೇರೆ ಊರು ಹೇಳಬೇಕು. ಗುಣಿತ ನೋಡೋದು ಬೇಡ: 'ರು' ಬಂದರೆ 'ರ' ಸಾಕು. ಒತ್ತಕ್ಷರ ಇದ್ದರೆ ಕೊನೆಗೆ ಕೇಳುವ ವ್ಯಂಜನ ಹಿಡೀರಿ. ಮಸ್ಕಿ ಅಂದರೆ 'ಕ'.

ಸುಲಭ ಅನ್ಸುತ್ತಾ? ಸಿಂಧನೂರು ಅಂದ್ರಿ, 'ರ' ಬಂತು. ರಾಯಚೂರು, ಮತ್ತೆ 'ರ'. ರಾಣೆಬೆನ್ನೂರು, ರಾಮನಗರ, ಮತ್ತೂ 'ರ'. ನಮ್ಮ ಎಷ್ಟೋ ಹೆಸರು 'ಊರು' ಅಂತ ಮುಗಿಯೋದರಿಂದ ಆಟ ಗಾಣದೆತ್ತಿನ ಹಾಗೆ ಸುತ್ತುತ್ತೆ. ಜಾಣರು ರಾಯಬಾಗ ಅಂತ ಒಂದನ್ನು ಉಳಿಸಿಕೊಂಡು, ಎದುರಿನವರಿಗೆ 'ಗ' ದಾಟಿಸ್ತಾರೆ.

ಈಗ ಮಸ್ಕಿಯಿಂದ ಹೊರಡ್ರಿ. 'ಕ'ಗೆ ಕೊಪ್ಪಳ. ಮುಂದೆ? ಕನ್ನಡದಲ್ಲಿ ಮಾತು 'ಳ'ದಿಂದ ಶುರುವಾಗೋದಿಲ್ಲ, 'ಣ'ದ್ದೂ ಅದೇ ಕಥೆ. ಇಂಗ್ಲಿಷ್ ಸ್ಪೆಲ್ಲಿಂಗ್ ಹಿಡಿದರೆ 'ಎಲ್' ಸಿಕ್ಕಿತು ಅಂತ ಲಿಂಗಸೂಗೂರಿಗೆ ಜಿಗಿಯಬಹುದು. ಆದರೆ ಕಿವಿಗೆ 'ಳ' ಬೇರೆ, 'ಲ' ಬೇರೆ. ಅದಕ್ಕೆ ಒಂದು ನಿಯಮ ಮಾಡಿಕೊಳ್ರಿ: 'ಳ' ಅಥವಾ 'ಣ' ಬಂದರೆ ಒಂದು ಅಕ್ಷರ ಹಿಂದಕ್ಕೆ. ಕೊಪ್ಪಳಕ್ಕೆ 'ಪ': ಪಾವಗಡ. ಅಲ್ಲಿಂದ 'ಡ': ಡಂಬಳ. ಮತ್ತೆ ಹಿಂದಕ್ಕೆ, 'ಬ': ಬಾದಾಮಿ. ಆಟ ಬಿಟ್ಟುಹೋಗಲ್ಲ.

ಇನ್ನೊಂದು ನಿಯಮ ನಮ್ಮ ಕಡೆಗೇ ಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಆಂಧ್ರದ ರೈತರು ಇಲ್ಲಿಗೆ ಬಂದು ಕ್ಯಾಂಪ್ ಕಟ್ಟಿಕೊಂಡರು. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ ಮಾತಾಡ್ತಾರೆ. ಹಾಗಾಗಿ ಊರಿನ ಹೆಸರು ಬಿಟ್ಟು ಬರೀ ಪದ ಆಡುವಾಗ ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಎಲ್ಲ ನಡೀಲಿ. ಅರ್ಥ ಮಾತ್ರ ಕನ್ನಡದಲ್ಲಿ ಹೇಳಬೇಕು. ಬಿ.ಕಾಂ ಓದಿದ ನನ್ನ ಲೆಕ್ಕ ಹೀಗೆ: ಪದಕ್ಕೆ 1 ಅಂಕ, ಉಳಿದವರಿಗೆ ಗೊತ್ತಿಲ್ಲದ ಪದಕ್ಕೆ ಅರ್ಥ ಹೇಳಿದರೆ 2. ಹಗೇವು, ಕೂರಿಗೆ ಅಂತ ಅಜ್ಜಿ ಶುರು ಮಾಡಿದರೆ ಅಂಕ ಎಲ್ಲಿಗೆ ಹೋಗುತ್ತೆ ನೋಡ್ರಿ!

ಎರಡನೇದು ಒಡಪು. ಗಂಡನ ಹೆಸರು ನೇರವಾಗಿ ಹೇಳಬಾರದು ಅನ್ನೋ ರೂಢಿ ಇತ್ತಲ್ಲ, ಆ ಕಟ್ಟಿನೊಳಗೇ ಹೆಣ್ಣುಮಕ್ಕಳು ಪ್ರಾಸ ಹೆಣೆದು, ನಡುವೆ ಹೆಸರು ಕೂಡಿಸಿ ನಗಿಸಿದರು. ಮದುವೆ ಮನೆಯಲ್ಲಿ 'ಹೆಸರು ಹೇಳು' ಅಂತ ಬಾಗಿಲಿಗೆ ಅಡ್ಡ ನಿಲ್ಲೋದು ಇದಕ್ಕೇ. ಈಗ ಯಾರ ಹೆಸರಿಗಾದರೂ ಕಟ್ರಿ: ಅಪ್ಪ, ತಂಗಿ, ಮನೆ ಬೆಕ್ಕು. ನಾನು ಕಟ್ಟಿದ್ದು ಕೇಳ್ರಿ, ಹೆಸರು ನೀವೇ ಹಾಕಿಕೊಳ್ರಿ:

ಹಟ್ಟಿಯಾಗ ಚಿನ್ನ, ಹೊಲದಾಗ ಜೋಳದ ತೆನಿ,
____ ಇದ್ದರ ಬೆಳಕು ನಮ್ಮ ಮನಿ.

ಹೆಸರಿನ ಮಾತು ಬಂದಮೇಲೆ ಮಸ್ಕಿ ಬಿಡೋದು ಹೆಂಗ? ಹೆಚ್ಚಿನ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದಿನ ಹಿಂದೆ ಅಡಗಿದ್ದ ರಾಜ ಯಾರು ಅನ್ನೋ ಒಗಟು ಬಿಡಿಸಲು ನೆರವಾದದ್ದು ಇಲ್ಲಿ 1915ರಲ್ಲಿ ಸಿಕ್ಕ ಶಾಸನ. ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಮಕ್ಕಳಿಗೆ ಇದನ್ನೇ ಒಗಟು ಮಾಡಿ ಕೇಳ್ರಿ.

ದೂರ ಇದ್ದೀರಾ? ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವಾಯ್ಸ್ ನೋಟ್ ಹಾಕಿ ಆಡ್ರಿ. ಟೈಪ್ ಮಾಡಬೇಡಿ, ಮಾಡಿದರೆ ಅಜ್ಜಿ ಆಟದಿಂದ ಹೊರಗೆ. ಅವರು ಹೇಳಿದ ಪದ, ಒಡಪುಗಳನ್ನು ಕೇಳಿ, ಒಪ್ಪಿದರೆ ಸೇವ್ ಮಾಡಿ ಇಟ್ಟುಕೊಳ್ರಿ. ಎಷ್ಟೋ ಮಾತು ಅವರ ಬಾಯಲ್ಲಿ ಮಾತ್ರ ಉಳಿದಾವ. ಮುಂದಿನ ಕಂತಿನಲ್ಲಿ ಸಿಗೋಣ.