ಗಣಕದಲ್ಲಿ ಲೆಕ್ಕ ಕಾಣದಿದ್ದರೆ ಎಲ್ಲಿ ಹುಡುಕಬೇಕು?

ಸಾಲ ತೀರಿಸಿ ತಿಂಗಳಾದರೂ ಪಹಣಿಯ 11ನೇ ಕಲಂನಲ್ಲಿ ಋಣ ಹಾಗೆಯೇ ಇದೆ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಇರುವ ಮಕ್ಕಳು ಮೊಬೈಲಿನಲ್ಲಿ ನೋಡಿದರೆ ತೋಟದ ಹೊಸ ಹಿಸ್ಸಾ ಕಾಣುವುದಿಲ್ಲ. ಇಂಥ ದೂರುಗಳು ಸದಸ್ಯರಿಂದ ಆಗಾಗ ಬರುತ್ತಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆಯಡಿ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಗಣಕದಲ್ಲಿದ್ದ ಲೆಕ್ಕ ಮುಂದೆ ಬೆಂಗಳೂರಿನ ಕೇಂದ್ರಕ್ಕೂ ಬಂತು. ಸಹಕಾರ ಸಂಘಗಳ ಸರದಿ ಈಚಿನದು. 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿತು.

ದೊಡ್ಡ ಲೆಕ್ಕವನ್ನು ಸಾಮಾನ್ಯವಾಗಿ ಮೂರು ಕಡೆ ಇಡುತ್ತಾರೆ. ಬರೆಯುವುದು ಮೂಲ ಗಣಕದಲ್ಲಿ; ಜನ ನೋಡುವುದು ಬಹುಮಟ್ಟಿಗೆ ನಕಲು ಗಣಕದಲ್ಲಿ; ಹಳೆಯ ವರ್ಷಗಳದು ದಫ್ತರಕ್ಕೆ ಹೋಗುತ್ತದೆ. ಮೂಲದಿಂದ ನಕಲಿಗೆ ಲೆಕ್ಕ ಹೋಗುವುದು ನಮ್ಮ ರೋಜ್‌ವಹಿಯಿಂದ ಖತಾವಣಿಗೆ ಇಳಿಸಿದ ಹಾಗೆಯೇ, ಒಂದೊಂದಾಗಿ, ಬಂದ ಕ್ರಮದಲ್ಲಿ. ನಡುವೆ ಒಂದು ಪುಟ ಸಿಕ್ಕದಿದ್ದರೆ ಅದರ ಮುಂದಿನದೆಲ್ಲ ಅಲ್ಲಿಯೇ ನಿಲ್ಲುತ್ತದೆ.

ಆದ್ದರಿಂದ ಕಲಂ ಕಾಣದಾಗ ಮೊದಲ ನಿಯಮ: ಅವಸರದಿಂದ ಮತ್ತೊಮ್ಮೆ ಬರೆಯಬಾರದು, ಬರೆಸಬಾರದು. ಹಳೆಯದು ತಡವಾಗಿ ಬಂದು ಸೇರಿದರೆ ಒಂದೇ ಕಂತು ಎರಡು ಸಲ ಜಮೆಯಾಗುತ್ತದೆ. ಅನಂತರ ಹೀಗೆ ನೋಡಬೇಕು:

1. ಕಾಣೆಯಾಗಿರುವುದು ಎಲ್ಲಿ? ಮೂಲದಲ್ಲಿದ್ದು ನಕಲಿನಲ್ಲಿ ಇಲ್ಲದಿದ್ದರೆ ಅದು ನಷ್ಟವಲ್ಲ, ತಡ. ಎರಡರಲ್ಲೂ ಕೊನೆಯ ಕಲಂನ ತಾರೀಖು ಹೋಲಿಸಿದರೆ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ.

2. ಎರಡರಲ್ಲೂ ಇಲ್ಲವೆ? ವರ್ಷ ನೋಡಿ, ದಫ್ತರಕ್ಕೆ ಹೋಗಿರಬಹುದು. ಗಣಕಕ್ಕೆ ಮುಂಚಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನವು. ಅವನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು.

3. ಹೆಸರು, ನಂಬರು ಬದಲಾಗಿದೆಯೆ? ಪೋಡಿಯಾದ ಮೇಲೆ ಹಳೆಯ ಸರ್ವೆ ನಂಬರಿನಲ್ಲಿ ಹುಡುಕಿದರೆ ಸಿಗದು; ಹೊಸ ಹಿಸ್ಸಾ ನಂಬರು ಬೇಕು.

4. ಏರಿಯೇ ಇಲ್ಲವೆ? ಋಣ ಬಿಡುಗಡೆಯ ಪತ್ರ ಮೇಜಿನ ಮೇಲೆಯೇ ಉಳಿದಿರಬಹುದು. ಖಾತೆ ಬದಲಾವಣೆ ಮ್ಯುಟೇಷನ್ ಹಂತದಲ್ಲಿ ನಿಂತಿರಬಹುದು. ಇದಕ್ಕೆ ಗಣಕ ಕಾರಣವಲ್ಲ. ಸ್ವೀಕೃತಿ ಚೀಟಿ ಹಿಡಿದು ಕಚೇರಿಯಲ್ಲೇ ವಿಚಾರಿಸಬೇಕು.

ನಕಲು ಇದೆಯಲ್ಲ ಎಂದು ಸಂಘಗಳು ನಿಶ್ಚಿಂತರಾಗಿರುವುದೂ ಸರಿಯಲ್ಲ. ಮೂಲದಲ್ಲಿ ತಪ್ಪಿ ಅಳಿಸಿದ್ದು ಕ್ಷಣದಲ್ಲೇ ನಕಲಿನಲ್ಲೂ ಅಳಿಸುತ್ತದೆ. ಆಗ ಕಾಯುವುದು ತಾರೀಖು ಹಾಕಿ ಬೇರೆಯಾಗಿ ಇಟ್ಟ ಪ್ರತಿ ಮಾತ್ರ. ಅದನ್ನೂ ಚಾಲ್ತಿ ಲೆಕ್ಕದ ಮೇಲೆ ನೇರವಾಗಿ ಹಾಕಿದರೆ ಅಂದಿನಿಂದ ಇಂದಿನವರೆಗಿನ ಜಮಾ-ಖರ್ಚು ಹೋಯಿತೆಂದೇ ತಿಳಿಯಿರಿ. ಬೇರೆ ಗಣಕದಲ್ಲಿ ತೆರೆದು, ಬಿಟ್ಟುಹೋದ ಕಲಂ ಮಾತ್ರ ತೆಗೆದು, ವೋಚರಿನೊಡನೆ ತಾಳೆ ನೋಡಿ ಏರಿಸಬೇಕು. ಇಟ್ಟ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದೂ ಅಗತ್ಯ.

ಸಣ್ಣ ಹಿಡುವಳಿದಾರರಿಗೆ ಇದು ಬರಿಯ ಕಾಗದದ ಮಾತಲ್ಲ. ಋಣ ಇಳಿಯದಿದ್ದರೆ ಹೊಸ ಸಾಲಕ್ಕೆ ಅಡ್ಡಿ. ವಿಮೆ ಮಾಡಿಸಿದ ಅಡಿಕೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರಕ್ಕೆ ತೊಡಕು.

ಸದಸ್ಯರು ವರ್ಷಕ್ಕೊಮ್ಮೆ ಪಹಣಿ ತೆಗೆಸಿ 9, 11 ಮತ್ತು 12ನೇ ಕಲಂಗಳನ್ನು, ಅಂದರೆ ಹೆಸರು, ಋಣ, ಬೆಳೆಗಳನ್ನು ಓದಿ ನೋಡಬೇಕು. ಕಂತಿನ ರಸೀದಿ, ಋಣಮುಕ್ತ ಪತ್ರ, ಮ್ಯುಟೇಷನ್ ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ದೂರು ಕೊಡುವಾಗ ಸರ್ವೆ ಮತ್ತು ಹಿಸ್ಸಾ ನಂಬರು, ಕೊನೆಯ ಬಾರಿ ಸರಿಯಾಗಿ ಕಂಡ ತಾರೀಖು, ರಸೀದಿ ನಂಬರು ಈ ಮೂರನ್ನು ಬರೆದರೆ ಹುಡುಕುವವರ ಅರ್ಧ ಕೆಲಸ ಮುಗಿದಂತೆಯೇ.