ಗುಜರಿಯಲ್ಲಿ ಹುಟ್ಟಿದ ಯಂತ್ರಗುದ್ದಲಿ

ಊರಿನ ರಸ್ತೆ ಬದಿಯಲ್ಲಿ ಜೆಸಿಬಿ ಬಂದು ನಿಂತು ಮಣ್ಣು ತೋಡಲು ಶುರುಮಾಡಿತೆಂದರೆ ಶಾಲೆಗೆ ಹೊರಟ ಮಕ್ಕಳ ಕಾಲು ಅಲ್ಲೇ ನಿಲ್ಲುತ್ತದೆ. ಮಕ್ಕಳ ಮಾತೇಕೆ, ಸಂತೆಗೆ ಹೊರಟ ಹಿರಿಯರೂ ಚೀಲ ಕೆಳಗಿಟ್ಟು ನೋಡುತ್ತಾರೆ. ಆದರೆ ಜೆಸಿಬಿ ಎಂದರೇನು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅದು ಯಂತ್ರದ ಹೆಸರಲ್ಲ, ಒಬ್ಬ ಮನುಷ್ಯನ ಹೆಸರಿನ ಮೊದಲಕ್ಷರಗಳು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬಾತನ ಹೆಸರು ಅವನ ಕಂಪನಿಗೆ ಬಂತು. ಅಲ್ಲಿಂದ ಯಂತ್ರಕ್ಕೂ ಅಂಟಿಕೊಂಡಿತು. ಈಗ ಬೇರೆ ಕಂಪನಿಯ ಯಂತ್ರವನ್ನೂ ನಮ್ಮ ಜನ ಜೆಸಿಬಿ ಎಂದೇ ಕರೆಯುತ್ತಾರೆ.

ಇಂಥ ಯಂತ್ರಗಳ ಮೂಲ ಹುಡುಕುತ್ತ ಹೋದರೆ ಮೊದಲು ಕಾಣುವುದು ದೊಡ್ಡ ಕಾರ್ಖಾನೆಯಲ್ಲ. ಒಂದು ಟ್ರ್ಯಾಕ್ಟರು, ಒಂದಿಷ್ಟು ಗುಜರಿ ಕಬ್ಬಿಣ, ಕೈಯಲ್ಲಿ ಕೆಲಸ ಮಾಡಲು ನಾಚದ ಕೆಲವು ಜನ.

ಮಣ್ಣಿನ ಭಾರ ಎಷ್ಟು?

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಯ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಒಂದು ಮಂಕರಿಗೆ 25 ಕಿಲೋ ಎಂದಿಟ್ಟುಕೊಂಡರೆ 60 ಮಂಕರಿ. ಇನ್ನು 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತೆಗೆಯಬೇಕೆಂದರೆ? ಬದಿಗಳು ನೇರವಾಗಿವೆ ಎಂದು ಲೆಕ್ಕ ಹಿಡಿದರೆ 450 ಟನ್ ಮಣ್ಣು, ಅಂದರೆ 18,000 ಮಂಕರಿ! ಇಷ್ಟನ್ನೂ ಅಗೆದು, ತುಂಬಿ, ತಲೆಯ ಮೇಲೆ ಹೊತ್ತು, ದಡ ಹತ್ತಿ ಸುರಿಯಬೇಕು. ನಮ್ಮ ಹಿಂದಿನವರು ಕೆರೆಗಳನ್ನು ಕಟ್ಟಿದ್ದು ಹೀಗೆ ಬೆವರು ಸುರಿಸಿಯೇ.

ಹೊರುವುದಕ್ಕಿಂತ ತಳ್ಳುವುದು ಸುಲಭ ಎಂಬುದು ರೈತನಿಗೆ ಹಿಂದೆಯೇ ಗೊತ್ತಿತ್ತು. ಗದ್ದೆ ಮಟ್ಟ ಮಾಡಲು ಎತ್ತಿಗೆ ಹಲಗೆ ಕಟ್ಟಿ ಎಳೆಸುವುದು ಇದೇ ಜಾಣತನ. ಮಣ್ಣನ್ನು ಮೇಲೆತ್ತುವ ಶ್ರಮ ಅಲ್ಲಿ ಉಳಿಯುತ್ತದೆ.

ಕ್ಯಾನ್ಸಾಸಿನ ಇಬ್ಬರು

1923ರಲ್ಲಿ ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಮಾರೋವಿಲ್ ಎಂಬ ಸಣ್ಣ ಊರಿನಲ್ಲಿ ಇದೇ ಯೋಚನೆ ಇನ್ನೊಂದು ರೂಪ ಪಡೆಯಿತು. ತೈಲದ ಕೊಳವೆ ಹೂಳಲು ತೋಡಿದ ಉದ್ದನೆಯ ಕಾಲುವೆಗಳನ್ನು ಆಗ ಪ್ರಾಣಿಗಳ ಸಹಾಯದಿಂದ ಮುಚ್ಚುತ್ತಿದ್ದರು. ಜೇಮ್ಸ್ ಕಮಿಂಗ್ಸ್ ಎಂಬ ರೈತ ಇದನ್ನು ಕಂಡು, ಟ್ರ್ಯಾಕ್ಟರಿನ ಮುಂದೆ ಹಲಗೆ ಕಟ್ಟಿದರೆ ಕೆಲಸ ಬೇಗ ಆಗುವುದಿಲ್ಲವೇ ಎಂದು ಯೋಚಿಸಿದ. ನಕ್ಷೆ ಬರೆಯಲು ಬಲ್ಲ ಜೆ. ಅರ್ಲ್ ಮೆಕ್ಲಿಯೋಡ್ ಜೊತೆಯಾದ. ಗುಜರಿಯಲ್ಲಿ ಸಿಕ್ಕ ಬಿಡಿಭಾಗಗಳನ್ನು ಜೋಡಿಸಿ ಇಬ್ಬರೂ ಒಂದು ಕಬ್ಬಿಣದ ಹಲಗೆ ನಿಲ್ಲಿಸಿಯೇಬಿಟ್ಟರು.

ಅವರ ಪೇಟೆಂಟು 1925ರ ಜನವರಿ 6ರಂದು ಮಂಜೂರಾಯಿತು. ಅದರ ಶೀರ್ಷಿಕೆಗೆ ಆಡಂಬರವೇ ಇಲ್ಲ: ‘ಟ್ರ್ಯಾಕ್ಟರುಗಳಿಗೆ ಜೋಡಿಸುವ ಸಾಧನ’! ಬುಲ್ಡೋಜರಿನ ಮೂಲಪುರುಷರಲ್ಲಿ ಈ ಇಬ್ಬರನ್ನೂ ಎಣಿಸುತ್ತಾರೆ. ಅವರ ಯಂತ್ರದ ಮಾದರಿಯನ್ನು ಮಾರೋವಿಲ್ ಊರಿನ ಉದ್ಯಾನದಲ್ಲಿ ಇಟ್ಟಿದ್ದಾರೆ. ಭಾರತದಲ್ಲಿ ಬುಲ್ಡೋಜರ್ ತಯಾರಿಸುವ ಬಿಇಎಂಎಲ್ 1964ರಲ್ಲಿ ಆರಂಭವಾಯಿತು. ಅದರ ಕಾರ್ಖಾನೆ ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೇ ಇದೆ.

ಮೂರು ಕೊಂಡಿಯ ಉಪಾಯ

ಟ್ರ್ಯಾಕ್ಟರಿಗೆ ಸಾಧನ ಕಟ್ಟುವುದು ಹಗ್ಗ ಬಿಗಿದಷ್ಟು ಸುಲಭವಲ್ಲ. ಸರಪಳಿಯಲ್ಲಿ ಎಳೆಯುತ್ತಿದ್ದ ನೇಗಿಲು ಬಂಡೆಗೆ ಸಿಕ್ಕಿದರೆ ಹಳೆಯ ಟ್ರ್ಯಾಕ್ಟರು ಮುಂಗಾಲೆತ್ತಿದ ಕುದುರೆಯಂತೆ ಹಿಂದಕ್ಕೆ ಮಗುಚುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಕೆಳಗೆ ಎರಡು, ಮೇಲೊಂದು, ಹೀಗೆ ಮೂರು ಕೊಂಡಿಗಳಲ್ಲಿ ಸಾಧನವನ್ನು ಹಿಡಿದಿಡುವ ಅವನ ವ್ಯವಸ್ಥೆಯ ಪೇಟೆಂಟು 1926ರದು. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಅಲುಗುವುದಿಲ್ಲವಷ್ಟೆ? ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂಬ ರೇಖಾಗಣಿತದ ಪಾಠವೇ ಇಲ್ಲಿಯೂ ಕೆಲಸ ಮಾಡಿದೆ. ಇಂದು ನಮ್ಮ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾದ ಮಣ್ಣು ಸವರುವ ಬ್ಲೇಡು ಕೂಡ ಟ್ರ್ಯಾಕ್ಟರಿನ ಹಿಂದೆ ಇದೇ ಮೂರು ಕೊಂಡಿಗಳಿಗೆ ಜೋತುಬೀಳುತ್ತದೆ.

ಬಾಡಿಗೆಯ ಗ್ಯಾರೇಜು

ಈಗ ಬ್ಯಾಮ್‌ಫೋರ್ಡನ ಕಥೆ. ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. 1945ರ ಅಕ್ಟೋಬರಿನಲ್ಲಿ ಆತ ಯುಟಾಕ್ಸೆಟರ್ ಎಂಬ ಪಟ್ಟಣದಲ್ಲಿ 12 ಅಡಿಗೆ 15 ಅಡಿಯ ಒಂದು ಗ್ಯಾರೇಜನ್ನು ಬಾಡಿಗೆಗೆ ಹಿಡಿದ. ನಮ್ಮಲ್ಲಿನ ಒಂದು ಸಾಧಾರಣ ಕೋಣೆಯಷ್ಟು ಜಾಗ! ಹಳೆಯ ವೆಲ್ಡಿಂಗ್ ಯಂತ್ರವೊಂದನ್ನು ಕೊಂಡು, ಯುದ್ಧದಲ್ಲಿ ಬಳಸಿ ಉಳಿದ ಸಾಮಾನುಗಳಿಂದ ರೈತರಿಗೊಂದು ಟ್ರೈಲರ್ ಮಾಡಿದ. ಅದು 45 ಪೌಂಡಿಗೆ ಮಾರಾಟವಾಯಿತು.

ಆತ ಅಷ್ಟಕ್ಕೇ ನಿಲ್ಲಲಿಲ್ಲ. ಟ್ರ್ಯಾಕ್ಟರಿನ ಮುಂದೆ ಮಣ್ಣು ಎತ್ತುವ ಬಕೆಟ್ ಕೂರಿಸಿದ. 1953ರಲ್ಲಿ ಅದೇ ಟ್ರ್ಯಾಕ್ಟರಿನ ಹಿಂಬದಿಗೆ ಅಗೆಯುವ ತೋಳನ್ನೂ ಜೋಡಿಸಿದ. ಅಮೆರಿಕದಲ್ಲಿಯೂ ಇಂಥ ಪ್ರಯತ್ನಗಳು ನಡೆದಿದ್ದವು. ಆದರೆ ಮುಂದೆ ಎತ್ತುವ, ಹಿಂದೆ ಅಗೆಯುವ ಯಂತ್ರವನ್ನು ಮನೆಮಾತಾಗಿಸಿದ್ದು ಬ್ಯಾಮ್‌ಫೋರ್ಡನ ಕಂಪನಿ. 1979ರಲ್ಲಿ ಅದು ಹರಿಯಾಣದ ಬಲ್ಲಭಗಡಕ್ಕೂ ಬಂತು. ಬ್ಯಾಮ್‌ಫೋರ್ಡ್ 2001ರಲ್ಲಿ ತೀರಿಕೊಂಡ.

ಎಣ್ಣೆಯ ತೋಳ್ಬಲ

ಅಷ್ಟು ದೊಡ್ಡ ತೋಳನ್ನು ಚಾಲಕ ಒಂದು ಸಣ್ಣ ಹಿಡಿಯಿಂದ ಆಡಿಸುವುದು ಹೇಗೆ? ಇದರ ಉತ್ತರ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ತಿಳಿಸಿದ. ಸಣ್ಣ ಕೊಂತದ ವಿಸ್ತೀರ್ಣ 2 ಚದರ ಸೆಂಟಿಮೀಟರ್, ದೊಡ್ಡದರದು 50 ಆದರೆ ಬಲ 25 ಪಟ್ಟು ಹೆಚ್ಚುತ್ತದೆ. ಹಾಗೆಂದು ಇದು ಪುಕ್ಕಟೆ ಲಾಭವಲ್ಲ. ದೊಡ್ಡ ಕೊಂತ ಒಂದು ಸೆಂಟಿಮೀಟರ್ ಏರಬೇಕಾದರೆ ಸಣ್ಣದು 25 ಸೆಂಟಿಮೀಟರ್ ಚಲಿಸಬೇಕು. ಯಂತ್ರದಲ್ಲಿ ಈ ದುಡಿಮೆ ಎಂಜಿನ್ನಿನಿಂದ ಓಡುವ ಎಣ್ಣೆಯ ಪಂಪಿನದು. ಚಾಲಕ ಎಣ್ಣೆಗೆ ದಾರಿ ಬಿಡುತ್ತಾನೆ, ಅಷ್ಟೆ.

ಕೈಯ ಜೊತೆ ಲೆಕ್ಕವೂ ಬೇಕು

ಬ್ಯಾಮ್‌ಫೋರ್ಡನಿಗೆ ಸಾಧ್ಯವಾಗಿದ್ದು ನಮಗೇಕಾಗದು ಎಂದು ಮನೆಯ ಟ್ರ್ಯಾಕ್ಟರಿಗೆ ಬಕೆಟ್ ಬೆಸೆಯುವ ಮುನ್ನ ಒಂದು ಲೆಕ್ಕ ನೋಡಬೇಕು. ಟ್ರ್ಯಾಕ್ಟರಿನ ತೂಕ 1,800 ಕಿಲೋ, ಎರಡು ಅಚ್ಚುಗಳ ನಡುವಿನ ದೂರ 1.9 ಮೀಟರ್, ತೂಕದ ಕೇಂದ್ರ ಮುಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ ಎಂದುಕೊಳ್ಳೋಣ. ಆಗ ಮುಂದಿನ ಚಕ್ರಗಳ ಮೇಲೆ ಸುಮಾರು 660 ಕಿಲೋ, ಹಿಂದಿನವುಗಳ ಮೇಲೆ 1,140 ಕಿಲೋ ಭಾರ ಬೀಳುತ್ತದೆ. ಈಗ ಮುಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಮುಂದಕ್ಕೆ, ಬಕೆಟ್ ಸೇರಿ 500 ಕಿಲೋ ಭಾರ ಎತ್ತಿದರೆ ಸನ್ನೆಕೋಲಿನ ನಿಯಮದಂತೆ ಮುಂದಿನ ಭಾರ 1,560ಕ್ಕೆ ಏರಿ, ಹಿಂದಿನದು 740ಕ್ಕೆ ಇಳಿಯುತ್ತದೆ. ಎತ್ತಿದ್ದು 500 ಕಿಲೋ, ಮುಂದಿನ ಅಚ್ಚಿನ ಮೇಲೆ ಹೆಚ್ಚಿದ್ದು 900 ಕಿಲೋ!

ಅಪಾಯ ಇಲ್ಲಿಯೇ ಇದೆ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ. ಅವು ಹಗುರಾದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ಬಕೆಟ್ ಎತ್ತರದಲ್ಲಿದ್ದಾಗ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಮಗುಚಬಹುದು. ಆದ್ದರಿಂದಲೇ ಹಿಂಬದಿಗೆ ಸರಿಯಾದ ಪ್ರತಿಭಾರ ಬೇಕು, ಚಲಿಸುವಾಗ ಬಕೆಟ್ ನೆಲದ ಹತ್ತಿರವಿರಬೇಕು. ಎತ್ತಿದ ಬಕೆಟಿನ ಕೆಳಗೆ ಯಾರೂ ನಿಲ್ಲಬಾರದು. ಸೋರುವ ಎಣ್ಣೆಯ ಕೊಳವೆಯನ್ನು ಕೈಯಿಂದ ತಡವಬಾರದು. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೊಲ ಸುತ್ತುವ ಅಪ್ಪಂದಿರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಹಾಗೆಂದು ಮಕ್ಕಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಬೇಕಾಗಿಲ್ಲ. ಹಳೆಯ ಸೈಕಲ್ ಬಿಚ್ಚಿ ಹರಡಿಕೊಂಡು ಕುಳಿತ ಮಗನಿಗೋ ಮಗಳಿಗೋ ‘ಓದುವುದು ಬಿಟ್ಟು ಇದೇನು ಮೆಕ್ಯಾನಿಕ್ ಕೆಲಸ?’ ಎಂದು ಗದರುವುದು ಅನೇಕ ಮನೆಗಳಲ್ಲಿ ಉಂಟು. ಕಮಿಂಗ್ಸನ ಕೈಗೆ ಮೆಕ್ಲಿಯೋಡನ ನಕ್ಷೆ ಜೊತೆಯಾದಾಗಲೇ ಯಂತ್ರ ಹುಟ್ಟಿತು ಎಂಬುದನ್ನು ಮರೆಯಬಾರದು. ಪಾಠವೂ ಬೇಕು, ಪಾನವೂ ಬೇಕು.

ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜು ತನ್ನಿ, ಒಂದು ಚಿಕ್ಕದು, ಒಂದು ದೊಡ್ಡದು. ಎರಡಕ್ಕೂ ನೀರು ತುಂಬಿ ಸಣ್ಣ ಕೊಳವೆಯಿಂದ ಜೋಡಿಸಿ. ಅಪ್ಪ ದೊಡ್ಡದನ್ನು ಹೆಬ್ಬೆರಳಿನಿಂದ ತಡೆಯಲಿ, ಮಗಳು ಚಿಕ್ಕದನ್ನು ಒತ್ತಲಿ. ಯಾರು ಗೆಲ್ಲುತ್ತಾರೆ ನೋಡಿ! ಮುಂದಿನ ಸಲ ಊರಿಗೆ ಜೆಸಿಬಿ ಬಂದಾಗ ಇನ್ನೊಂದು ವಿಷಯ ಗಮನಿಸಿ: ಹಿಂದಿನ ತೋಳು ಮಣ್ಣಿಗೆ ಇಳಿಯುವ ಮೊದಲು ಅದು ಎರಡು ಉಕ್ಕಿನ ಕಾಲುಗಳನ್ನು ಅಗಲಿಸಿ ನೆಲಕ್ಕೆ ಊರುತ್ತದೆ. ಏಕೆ ಎಂಬುದನ್ನು ಈಗ ನೀವೇ ಪಕ್ಕದಲ್ಲಿ ನಿಂತವರಿಗೆ ಹೇಳಬಲ್ಲಿರಿ.